ಪೆಟೂನಿಯಾ, ಬೇರಿನ ಬ್ಯಾಕ್ಟೀರಿಯಾ ಮತ್ತು ಗೊಬ್ಬರದ ಏಣಿ: ಒಹಾಯೋದ ಒಂದು ಹಸಿರುಮನೆ ಪ್ರಯೋಗದ ಪ್ರಕರಣ ಅಧ್ಯಯನ

“ಟಾನಿಕ್ ಹಾಕಿದ್ವಿ ಸಾರ್, ಗಿಡ ಚೆನ್ನಾಗಿ ಬಂತು.” ಹೂವಿನ ಪಾಲಿಹೌಸ್‌ಗಳಲ್ಲಿ ಈ ಮಾತು ಯಾವಾಗಲೂ ಕಿವಿಗೆ ಬೀಳುತ್ತದೆ. ಹಾಕದೇ ಇದ್ದಿದ್ದರೆ ಹೇಗೆ ಬರುತ್ತಿತ್ತು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಹಾಕದ ಗಿಡ ಒಂದೂ ಉಳಿದಿರುವುದಿಲ್ಲ. ಎಲ್ಲಕ್ಕೂ ಒಂದೇ ದಿನ ಕೊಟ್ಟು ಮುಗಿದಿರುತ್ತದೆ. ಕಡಲಪಾಚಿಯ ಸಾರ, ಹ್ಯೂಮಿಕ್ ಆಸಿಡ್, ಅಮೈನೋ ಆಸಿಡ್, ಬ್ಯಾಕ್ಟೀರಿಯಾ ದ್ರಾವಣ, ಹೀಗೆ ಬಯೋಸ್ಟಿಮ್ಯುಲೆಂಟ್ ಎಂದು ಕರೆಸಿಕೊಳ್ಳುವ ಎಲ್ಲಕ್ಕೂ ನಮ್ಮ ಕಡೆ ಟಾನಿಕ್ ಅಂತಲೇ ಹೆಸರು. ಬೆಲೆ ಮಾತ್ರ ಗೊಬ್ಬರಕ್ಕಿಂತ ಎಷ್ಟೋ ಜಾಸ್ತಿ.

ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ? ಮಾಡಿದರೆ ಎಷ್ಟು ಮಾಡುತ್ತವೆ? ಈ “ಎಷ್ಟು” ಎನ್ನುವ ಪ್ರಶ್ನೆಗೆ ನೇರವಾಗಿ ಕೈಹಾಕಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿದೆ. ಅಮೆರಿಕದ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಕೇಲೀ ಸೌತ್, ನೇಥನ್ ನಾರ್ಡ್‌ಸ್ಟೆಟ್ ಮತ್ತು ಮಿಶೆಲ್ ಜೋನ್ಸ್ 2021ರಲ್ಲಿ ಪ್ರಕಟಿಸಿದ, ಪೆಟೂನಿಯಾ ಎಂಬ ಹೂಗಿಡದ ಮೇಲಿನ ಪ್ರಯೋಗ ಅದು. ಅದನ್ನು ಇಲ್ಲಿ ಬಿಡಿಸಿ ನೋಡೋಣ. ಆಮೇಲೆ ನಮ್ಮ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕುಂಡಗಳಿಗೆ ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದಕ್ಕೆ ಬರುತ್ತೇನೆ.

ಸಮಸ್ಯೆ ಏನಿತ್ತು

ಅಮೆರಿಕದಲ್ಲಿ ಕುಂಡದ ಹೂಗಿಡಗಳ ವ್ಯಾಪಾರ ಹೆಚ್ಚಾಗಿ ನಡೆಯುವುದು ಚಳಿ ಮುಗಿದ ಮೇಲಿನ ಕೆಲವೇ ವಾರಗಳಲ್ಲಿ. ಮೇ ತಿಂಗಳ ಎರಡನೇ ಭಾನುವಾರದ ಅಮ್ಮಂದಿರ ದಿನ ಅಲ್ಲಿ ದೊಡ್ಡ ಮಾರಾಟದ ಸಮಯ. ಆ ಹೊತ್ತಿಗೆ ಗಿಡ ತುಂಬಿಕೊಂಡು ಹೂ ಬಿಟ್ಟಿರಬೇಕು. ಎರಡು ವಾರ ತಡವಾದರೆ ಕೊಳ್ಳುವವರಿಲ್ಲ. ಹೀಗಾಗಿ ಬೆಳೆಗಾರರು ರಿಸ್ಕ್ ತೆಗೆದುಕೊಳ್ಳುವುದಿಲ್ಲ, ಗೊಬ್ಬರದ ಕೈ ಬಿಗಿ ಹಿಡಿಯುವುದಿಲ್ಲ. ನಮ್ಮಲ್ಲೂ ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಗಿಡ ಕೊಡಬೇಕಾದ ನರ್ಸರಿಯವರನ್ನು ಕೇಳಿ, ಇದೇ ಆತಂಕ ಇರುತ್ತದೆ.

ಹೆಚ್ಚಾದ ಗೊಬ್ಬರ ಎಲ್ಲಿಗೆ ಹೋಗುತ್ತದೆ? ಅಲ್ಲಿನ ಕುಂಡಗಳಲ್ಲಿ ಮಣ್ಣಿರುವುದಿಲ್ಲ, ಪೀಟ್ ಮಾಸ್, ಅಂದರೆ ಜೌಗು ನೆಲದಿಂದ ತೆಗೆದ ಅರೆ ಕೊಳೆತ ಹಾವಸೆ ಇರುತ್ತದೆ. ನೈಟ್ರೇಟ್ ರೂಪದ ಸಾರಜನಕವನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಕೊಟ್ಟಾಗ ಕುಂಡದ ತೂತಿನಿಂದ ಇಳಿದು ಹೋಗುತ್ತದೆ. ಒಹಾಯೋದವರಿಗೆ ಇದು ದೂರದ ವಿಷಯ ಅಲ್ಲ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ಪಾಚಿಯ ವಿಷ ಟೊಲೆಡೊ ನಗರದ ನೀರಿಗೆ ಸೇರಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಆ ಪಾಚಿಗೆ ಮುಖ್ಯ ಕಾರಣ ಹೊಲಗಳಿಂದ ಹರಿದುಬರುವ ರಂಜಕ, ಹೂವಿನ ಹಸಿರುಮನೆಗಳಲ್ಲ. ಆದರೂ ಗೊಬ್ಬರ ಬಳಸುವ ಎಲ್ಲರನ್ನೂ ಈ ಪ್ರಶ್ನೆ ಮುಟ್ಟುತ್ತದೆ, ಅಲ್ವಾ?

ಹಾಗಾದರೆ ಗೊಬ್ಬರ ಕಡಿಮೆ ಮಾಡಿ, ಗಿಡದ ಅಂದ ಕೆಡದಂತೆ ಬೆಳೆಸಲು ಬೇರಿನ ಸುತ್ತ ಬದುಕುವ ಬ್ಯಾಕ್ಟೀರಿಯಾಗಳಿಂದ ಸಹಾಯ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ.

ಮೊದಲಿನ ಹೆಜ್ಜೆ

ಮಿಶೆಲ್ ಜೋನ್ಸ್ ಹೂವಿನ ಮುಪ್ಪಿನ ಬಗ್ಗೆ ಬಹಳ ಕಾಲ ಕೆಲಸ ಮಾಡಿದವರು. ಪರಾಗಸ್ಪರ್ಶವಾದ ಪೆಟೂನಿಯಾ ಹೂ ಬೇಗ ಬಾಡುವುದು ಯಾಕೆ, ಅದರಲ್ಲಿ ಎಥಿಲೀನ್ ಅನಿಲದ ಪಾತ್ರವೇನು ಎಂಬುದೆಲ್ಲ ಅವರ ಹಳೆಯ ವಿಷಯ. ಪೆಟೂನಿಯಾ ಅವರಿಗೆ ಕೈಗೆ ಪಳಗಿದ ಗಿಡ. ಬೇಗ ಹೂ ಬಿಡುತ್ತದೆ, ಸಣ್ಣ ಕುಂಡದಲ್ಲಿ ಬರುತ್ತದೆ, ಹಸಿವಾದರೆ ತಡಮಾಡದೆ ತೋರಿಸುತ್ತದೆ.

ಇದೇ ಲ್ಯಾಬಿನವರು 2020ರಲ್ಲಿ ಒಂದು ಕೆಲಸ ಪ್ರಕಟಿಸಿದ್ದರು. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕುಲದ 44 ತಳಿಗಳನ್ನು ತೆಗೆದುಕೊಂಡು, ನೀರಿನ ಕೊರತೆಯಂಥ ಒತ್ತಡವನ್ನು ಯಾವುವು ತಡೆಯುತ್ತವೆ ಎಂದು ಲ್ಯಾಬಿನಲ್ಲಿ ಸೋಸಿದರು. ಆಮೇಲೆ ಹಸಿರುಮನೆಯಲ್ಲಿ ಪೆಟೂನಿಯಾ ಮೇಲೆ ನೋಡಿದರು. ಎರಡು ತಳಿ ಗಟ್ಟಿಯಾಗಿ ನಿಂತವು. ಅವನ್ನು ಪೆಟೂನಿಯಾ, ಇಂಪೇಷನ್ಸ್, ಪ್ಯಾನ್ಸಿ ಎಂಬ ಮೂರು ಹೂಗಿಡಗಳಲ್ಲೂ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ಗೊಬ್ಬರ ಕಡಿಮೆ ಕೊಟ್ಟಾಗಲೂ, ನೀರಿಲ್ಲದೆ ಒಣಗಿಸಿ ಮತ್ತೆ ನೀರು ಕೊಟ್ಟಾಗಲೂ, ಬ್ಯಾಕ್ಟೀರಿಯಾ ಪಡೆದ ಗಿಡಗಳ ಮೈ ಹೆಚ್ಚು ತುಂಬಿಕೊಂಡಿತ್ತು. ಒಣಗಿ ಚೇತರಿಸಿಕೊಂಡ ಪೆಟೂನಿಯಾ ಮತ್ತು ಇಂಪೇಷನ್ಸ್‌ನಲ್ಲಿ ಹೂ ಕೂಡ ಹೆಚ್ಚು. ಕಡಿಮೆ ಗೊಬ್ಬರದ ಗಿಡಗಳ ಮೈಯಲ್ಲಿ ಪೋಷಕಾಂಶದ ಪ್ರಮಾಣವೂ ಹೆಚ್ಚಿತ್ತು. ಅಂದರೆ ಸುಮ್ನೆ ನೀರು ತುಂಬಿ ಉಬ್ಬಿದ್ದಲ್ಲ, ಗಿಡಕ್ಕೆ ನಿಜವಾಗಿಯೂ ಆಹಾರ ಹೆಚ್ಚು ಸಿಕ್ಕಿದೆ. ಈ ಫಲಿತಾಂಶಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ನಮ್ಮ ನರ್ಸರಿಗಳಿಗೆ ಹೆಚ್ಚು ಬೇಕಾದದ್ದು ಇದೇ ಎಂದು ನನ್ನ ಅನಿಸಿಕೆ.

ಏಣಿ ಹಾಕಿದ ರೀತಿ

2021ರ ಪ್ರಯೋಗದಲ್ಲಿ ಮೊದಲು ‘ಪಿಕೊಬೆಲ್ಲಾ ಬ್ಲೂ’ ಎಂಬ ಪೆಟೂನಿಯಾದ ಮೇಲೆ ಬ್ಯಾಕ್ಟೀರಿಯಾಗಳ ದೊಡ್ಡ ಸೋಸಾಟ ನಡೆಯಿತು. ಕಡಿಮೆ ಗೊಬ್ಬರದಲ್ಲೂ ಹೂ ಮೊಗ್ಗಿನ ಸಂಖ್ಯೆ, ಗಿಡದ ಒಣ ತೂಕ ಎರಡನ್ನೂ ಹೆಚ್ಚಿಸಿದ 14 ಬ್ಯಾಕ್ಟೀರಿಯಾಗಳು ಆಯ್ಕೆಯಾದವು. ನಂತರ ಅವುಗಳ ನಿಜವಾದ ಪರೀಕ್ಷೆ.

ಅದನ್ನು ನೋಡುವ ಮೊದಲು ಗೊಬ್ಬರದ ಅಳತೆ ಗೊತ್ತಿರಬೇಕು. ಹಸಿರುಮನೆಯವರು ಗೊಬ್ಬರದ ನೀರಿನ ಗಟ್ಟಿತನವನ್ನು ಸಾರಜನಕದ ಪಿಪಿಎಂನಲ್ಲಿ ಹೇಳುತ್ತಾರೆ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಸಾರಜನಕ ಇದ್ದರೆ ಒಂದು ಪಿಪಿಎಂ. ಪೆಟೂನಿಯಾ ಬೆಳೆಸುವವರು ಸಾಮಾನ್ಯವಾಗಿ 100ರಿಂದ 200 ಪಿಪಿಎಂ ಕೊಡುತ್ತಾರೆ. ಈ ಪ್ರಯೋಗದಲ್ಲಿ ಬ್ಯಾಕ್ಟೀರಿಯಾ ಪಡೆದ ಗಿಡಗಳಿಗೆ ಕೊಟ್ಟದ್ದು ಬರೀ 25 ಪಿಪಿಎಂ. ಅದು ಅರೆಹೊಟ್ಟೆಗೂ ಸಾಲದು. ಅಷ್ಟರಲ್ಲಿ ಬೆಳೆದ ಪೆಟೂನಿಯಾದ ಬುಡದ ಎಲೆಗಳು ಮೊದಲು ತಿಳಿಹಸಿರಾಗುತ್ತವೆ, ಆಮೇಲೆ ಹಳದಿ. ಪಕ್ಕದ ಕವಲು ಒಡೆಯುವುದಿಲ್ಲ. ನಡುವೆ ಒಂದೆರಡು ಕಡ್ಡಿ, ಅದರ ತುದಿಯಲ್ಲಿ ನಾಲ್ಕಾರು ಹೂ.

ಯಾಕೆ ಇಷ್ಟು ಹಸಿವು ಕೊಡಬೇಕು? 150 ಪಿಪಿಎಂ ತಿನ್ನುತ್ತಿರುವ ಗಿಡಕ್ಕೆ ಯಾವ ಕೊರತೆಯೂ ಇರುವುದಿಲ್ಲ. ಕೊರತೆ ಇಲ್ಲದ ಕಡೆ ಬ್ಯಾಕ್ಟೀರಿಯಾ ಮಾಡುವ ಸಹಾಯ ಕಣ್ಣಿಗೆ ಕಾಣುವುದು ಕಷ್ಟ. ನಮ್ಮಲ್ಲಿ ಟಾನಿಕ್ ಪರೀಕ್ಷೆ ಮಾಡುವವರಲ್ಲಿ ಹೆಚ್ಚಿನವರು ಪೂರ್ತಿ ಗೊಬ್ಬರದ ಜೊತೆಗೆ ಟಾನಿಕ್ ಕೊಟ್ಟು ನೋಡುತ್ತಾರೆ. ಗಿಡ ಚೆನ್ನಾಗಿದ್ದರೆ ಅದು ಗೊಬ್ಬರದಿಂದಲೋ ಟಾನಿಕ್‌ನಿಂದಲೋ ಹೇಳಲು ದಾರಿಯೇ ಇಲ್ಲ.

ಈಗ ಮುಖ್ಯವಾದ ಭಾಗ. ಹೋಲಿಸಿ ನೋಡಲು ಅವರು ಬ್ಯಾಕ್ಟೀರಿಯಾ ಇಲ್ಲದ 25 ಪಿಪಿಎಂ ಗಿಡಗಳನ್ನು ಇಟ್ಟರು. ಇದನ್ನು ಎಲ್ಲ ವಿಜ್ಞಾನಿಗಳೂ ಮಾಡುತ್ತಾರೆ. ಇವರು ಅಲ್ಲಿಗೆ ನಿಲ್ಲಲಿಲ್ಲ. ಬ್ಯಾಕ್ಟೀರಿಯಾ ಇಲ್ಲದೆ 50, 75, 100, 150 ಪಿಪಿಎಂ ಗೊಬ್ಬರ ಪಡೆದ ಗಿಡಗಳನ್ನೂ ಸಾಲಾಗಿ ಬೆಳೆಸಿದರು. ಅದೊಂದು ಏಣಿ. ಕೆಳಗಿನ ಮೆಟ್ಟಿಲು 25, ಮೇಲಿನದು 150. ಬ್ಯಾಕ್ಟೀರಿಯಾ ಪಡೆದ ಗಿಡ ನಿಂತಿರುವುದು ಕೆಳಗಿನ ಮೆಟ್ಟಿಲಿನಲ್ಲಿ. ಅದು ಎಷ್ಟನೇ ಮೆಟ್ಟಿಲಿನ ಗಿಡದ ಹಾಗೆ ಕಾಣುತ್ತದೆ ಎಂದು ನೋಡಿದರೆ ಆಯಿತು.

ಬರೀ 25ರ ಗಿಡದ ಜೊತೆ ಹೋಲಿಸಿದರೆ “ಬ್ಯಾಕ್ಟೀರಿಯಾ ಹಾಕಿದ್ದು ಉತ್ತಮ” ಅನ್ನುವ ಉತ್ತರ ಮಾತ್ರ ಬರುತ್ತದೆ. ಬೆಳೆಗಾರನಿಗೆ ಅದರಿಂದ ಏನು ಉಪಯೋಗ? ಅವನು 25 ಪಿಪಿಎಂನಲ್ಲಿ ಬೆಳೆಸುವುದೇ ಇಲ್ಲವಲ್ಲ. ಏಣಿ ಇದ್ದರೆ ಉತ್ತರ ಗೊಬ್ಬರದ ಲೆಕ್ಕದಲ್ಲೇ ಬರುತ್ತದೆ. ಆ ಲೆಕ್ಕವನ್ನು ಹಣಕ್ಕೆ ತಿರುಗಿಸಬಹುದು. ಬಯೋಸ್ಟಿಮ್ಯುಲೆಂಟ್ ಮಾರುವ ಪ್ರತಿಯೊಬ್ಬರೂ ಇಂಥದ್ದೊಂದು ಏಣಿಯ ಫೋಟೋ ತೋರಿಸಲೇಬೇಕು ಎಂಬ ನಿಯಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ ನನಗೆ.

ಫಲಿತಾಂಶ

14ರಲ್ಲಿ ಎದ್ದು ಕಂಡದ್ದು ಕ್ಯಾಬಲ್ಲೆರೋನಿಯಾ ಝೆಜಿಯಾಂಗೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಸಿ7ಬಿ12 ಎಂಬ ತಳಿ. ಹೂ, ಬೆಳವಣಿಗೆ, ಎಲೆಯ ಗುಣಮಟ್ಟ ಮೂರರಲ್ಲೂ ಹಲವು ಅಳತೆಗಳನ್ನು ತೆಗೆದಿದ್ದರು. ಹೆಚ್ಚುಕಡಿಮೆ ಅವೆಲ್ಲದರಲ್ಲೂ ಈ ತಳಿ ಪಡೆದ ಗಿಡಗಳು ಮುಂದಿದ್ದವು. ಏಣಿಯಲ್ಲಿ ಅವು ನಿಂತದ್ದು 50ರ ಮೆಟ್ಟಿಲಿಗೆ. ಅಂದರೆ 25 ಪಿಪಿಎಂ ಗೊಬ್ಬರ ತಿಂದ ಗಿಡ, ಬ್ಯಾಕ್ಟೀರಿಯಾ ಸಹಾಯದಿಂದ 50 ಪಿಪಿಎಂ ತಿಂದ ಗಿಡಕ್ಕೆ ಸಮನಾಯಿತು.

ಇದನ್ನು ನಿಧಾನವಾಗಿ ಓದಬೇಕು. “ಗೊಬ್ಬರ ಅರ್ಧಕ್ಕೆ ಇಳಿಯಿತು” ಎಂದು ಯಾರಾದರೂ ಇದನ್ನೇ ಜಾಹೀರಾತಿನಲ್ಲಿ ಹೇಳಬಹುದು. ಲೆಕ್ಕ ಸುಳ್ಳಲ್ಲ, 25 ಎಂಬುದು 50ರ ಅರ್ಧವೇ. ಆದರೆ ನಿಮ್ಮ ಪಾಲಿಹೌಸ್‌ನಲ್ಲಿ 150 ಕೊಡುತ್ತಿದ್ದೀರಿ ಅಂದುಕೊಳ್ಳಿ. ಅದನ್ನು 75ಕ್ಕೆ ಇಳಿಸಿ ಬ್ಯಾಕ್ಟೀರಿಯಾ ಹಾಕಿದರೆ 150ರ ಗಿಡ ಬರುತ್ತದೆ ಎಂದು ಈ ಪ್ರಯೋಗ ಹೇಳುವುದಿಲ್ಲ. 75ರಲ್ಲಿ ಬ್ಯಾಕ್ಟೀರಿಯಾ ಹಾಕಿ ನೋಡಿದ ಕೆಲಸ ಇದಲ್ಲ. ಬೆಳೆಗಾರರು ಸಾಮಾನ್ಯವಾಗಿ ಕೊಡುವ 100ರಿಂದ 200ಕ್ಕಿಂತ 50ರ ಮೆಟ್ಟಿಲು ಕೆಳಗೇ ಇದೆ.

ಹಾಗಂತ ಈ ಫಲಿತಾಂಶ ಚಿಕ್ಕದು ಎನ್ನುವುದೂ ತಪ್ಪು. ಕಣ್ಣಿಗೆ ಕಾಣದ ಒಂದು ಜೀವಿ ಬೇರಿನ ಪಕ್ಕ ಕೂತು, ಇದ್ದಷ್ಟೇ ಗೊಬ್ಬರದಲ್ಲಿ ಒಂದು ಪೂರ್ತಿ ಮೆಟ್ಟಿಲು ಮೇಲಕ್ಕೆ ಎತ್ತಿದೆ. ಅದೂ ಒಂದು ಅಳತೆಯಲ್ಲಿ ಅಲ್ಲ, ಬಹುಪಾಲು ಅಳತೆಗಳಲ್ಲಿ. ನಿಜವಾದ ಪರಿಣಾಮ, ಮಿತಿಯೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದ್ದಕ್ಕೇ ಈ ಕೆಲಸದ ಮೇಲೆ ನನಗೆ ಗೌರವ.

ಯಾವುದನ್ನು ಅಳೆಯಬೇಕು ಎಂಬ ಪ್ರಶ್ನೆಯನ್ನೂ ಅವರು ಕೇಳಿಕೊಂಡಿದ್ದರು. ಇದು ಸಣ್ಣ ವಿಷಯ ಅಲ್ಲ. ಗಿಡ ಎತ್ತರವಾಯಿತು ಎಂದು ರಾಗಿ, ಜೋಳದಲ್ಲಿ ಖುಷಿಪಡಬಹುದು. ಕುಂಡದ ಹೂಗಿಡ ಎತ್ತರ ಬೆಳೆದು ಬಳುಕಿದರೆ ಮಾರಾಟವಾಗುವುದಿಲ್ಲ. ಇಲ್ಲಿ ಬೇಕಾದದ್ದು ಹೂ ಮತ್ತು ಮೊಗ್ಗಿನ ಸಂಖ್ಯೆ, ತುಂಬಿದ ಆಕಾರ, ಎಲೆಯ ಹಸಿರು. ಒಣ ತೂಕ ನೋಡುವುದು ಯಾಕೆಂದರೆ ಹಸಿ ತೂಕದಲ್ಲಿ ನೀರೇ ಹೆಚ್ಚು, ಅವತ್ತು ಬೆಳಿಗ್ಗೆ ನೀರು ಕೊಟ್ಟಿದ್ದರೆ ಒಂದು ತೂಕ, ಇಲ್ಲದಿದ್ದರೆ ಇನ್ನೊಂದು.

ಬ್ಯಾಕ್ಟೀರಿಯಾ ಮಾಡುವುದೇನು

ಬೇರಿನ ಸುತ್ತಲಿನ ಇಂಥ ಬ್ಯಾಕ್ಟೀರಿಯಾಗಳು ಕೆಲಸ ಮಾಡುವ ದಾರಿ ಒಂದೇ ಅಲ್ಲ. ಕೆಲವು ಸಾವಯವ ಆಮ್ಲ ಬಿಟ್ಟು ಕರಗದ ರಂಜಕವನ್ನು ಕರಗಿಸುತ್ತವೆ. ಕೆಲವು ಕಬ್ಬಿಣವನ್ನು ಹಿಡಿದು ತರುವ ಸಿಡರೋಫೋರ್ ಎಂಬ ವಸ್ತು ತಯಾರಿಸುತ್ತವೆ. ಕೆಲವು ಆಕ್ಸಿನ್ ಎಂಬ ಹಾರ್ಮೋನ್ ಮಾಡಿ ಬೇರು ಹೆಚ್ಚು ಕವಲೊಡೆಯುವಂತೆ ಮಾಡುತ್ತವೆ. ಇನ್ನು ಕೆಲವಕ್ಕೆ ಎಸಿಸಿ ಡಿಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಗಿಡಕ್ಕೆ ಒತ್ತಡ ಬಂದಾಗ ಎಥಿಲೀನ್ ಜಾಸ್ತಿಯಾಗುತ್ತದೆ, ಬೇರು ಕುಗ್ಗುತ್ತದೆ, ಎಲೆ ಹೂ ಉದುರುತ್ತವೆ. ಎಥಿಲೀನ್ ಆಗುವ ಮೊದಲಿನ ಕಚ್ಚಾವಸ್ತುವನ್ನೇ ಈ ಕಿಣ್ವ ಒಡೆದು ಹಾಕುತ್ತದೆ. ಹೂವಿನ ಮುಪ್ಪಿನ ಬಗ್ಗೆ ಓದಿದವರಿಗೆ ಈ ದಾರಿ ಯಾಕೆ ಆಸಕ್ತಿ ಹುಟ್ಟಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಒಹಾಯೋ ತಂಡದವರು ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಎಲ್ಲ ಜೀನ್‌ಗಳ ಪೂರ್ತಿ ಕಟ್ಟು ಓದಿ, ಬೆಳವಣಿಗೆಗೆ ಸಹಾಯ ಮಾಡಬಹುದಾದ ಜೀನ್‌ಗಳನ್ನು ಗುರುತಿಸಿದರು. “ಮಾಡಬಹುದಾದ” ಅಂತಲೇ ಹೇಳಿದರು. ಜೀನ್ ಇದೆ ಅಂದರೆ ಸಾಮರ್ಥ್ಯ ಇದೆ ಅಂತ ಮಾತ್ರ. ಕುಂಡದೊಳಗೆ ಆ ಜೀನ್ ಕೆಲಸ ಮಾಡಿದ್ದರಿಂದಲೇ ಹೂ ಹೆಚ್ಚಾಯಿತು ಎಂದು ತೋರಿಸಲು ಬೇರೆಯದೇ ಪ್ರಯೋಗ ಬೇಕು.

ಇನ್ನೊಂದು ವಿಷಯ. ಕ್ಯಾಬಲ್ಲೆರೋನಿಯಾ ಗುಂಪು ಮೊದಲು ಬರ್ಕ್‌ಹೋಲ್ಡೇರಿಯಾ ಎಂಬ ದೊಡ್ಡ ಕುಲದಲ್ಲಿತ್ತು. ಝೆಜಿಯಾಂಗೆನ್ಸಿಸ್ ಮೊದಲು ಸಿಕ್ಕಿದ್ದೇ ಚೀನಾದ ಒಂದು ತ್ಯಾಜ್ಯನೀರು ಶುದ್ಧೀಕರಣ ವ್ಯವಸ್ಥೆಯಲ್ಲಿ, ಮೀಥೈಲ್ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಒಡೆಯುವ ಬ್ಯಾಕ್ಟೀರಿಯಾವಾಗಿ. ಬರ್ಕ್‌ಹೋಲ್ಡೇರಿಯಾ ಕುಲದಲ್ಲಿ ಮನುಷ್ಯರಿಗೆ ಕಾಯಿಲೆ ತರುವ ತಳಿಗಳೂ ಇವೆ. ಹಾಗಾಗಿ ಪೆಟೂನಿಯಾಕ್ಕೆ ಒಳ್ಳೆಯದಾಯಿತು ಎಂದ ಕೂಡಲೇ ಬಾಟಲಿಗೆ ತುಂಬಿ ಮಾರುವಂತಿಲ್ಲ, ಸುರಕ್ಷತೆಯ ಪರೀಕ್ಷೆಗಳು ಆಗಲೇಬೇಕು. ಜೊತೆಗೆ ಬಾಳಿಕೆಯ ಸಮಸ್ಯೆ. ಸ್ಯೂಡೋಮೊನಾಸ್, ಕ್ಯಾಬಲ್ಲೆರೋನಿಯಾ ಇವು ಗಟ್ಟಿ ಕವಚದ ಬೀಜಕ ಕಟ್ಟುವುದಿಲ್ಲ. ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕಟ್ಟುತ್ತದೆ, ಹಾಗಾಗಿ ಅದು ಬಾಟಲಿಯಲ್ಲಿ ಬಿಸಿಲು, ಒಣ ಎಲ್ಲವನ್ನೂ ತಡೆದುಕೊಂಡು ಬದುಕುತ್ತದೆ. ಅಂಗಡಿಯಲ್ಲಿ ಬ್ಯಾಸಿಲಸ್ ಹೆಚ್ಚು ಕಾಣಲು ಇದೂ ಒಂದು ಕಾರಣ. ಚೆನ್ನಾಗಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಬೇರೆ, ಬಾಟಲಿಯಲ್ಲಿ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಬೇರೆ ಆಗಿರಬಹುದು.

ನಮ್ಮ ಕುಂಡ ಬೇರೆ, ನಮ್ಮ ನೀರು ಬೇರೆ

ಒಹಾಯೋದ ಕುಂಡದಲ್ಲಿದ್ದದ್ದು ಪೀಟ್. ನಮ್ಮಲ್ಲಿ ಕೊಕೊಪೀಟ್. ನೋಡಲು ಒಂದೇ ಥರ ಕಂಡರೂ ಇವೆರಡರ ಗುಣ ಬೇರೆ. ಸರಿಯಾಗಿ ತೊಳೆಯದ ಕೊಕೊಪೀಟ್‌ನಲ್ಲಿ ಪೊಟ್ಯಾಷಿಯಂ, ಸೋಡಿಯಂ ಜಾಸ್ತಿ ಇರುತ್ತವೆ, ಕೊಟ್ಟ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹದವಾಗದ ಕೊಕೊಪೀಟ್ ಸಾರಜನಕವನ್ನೂ ಎಳೆದುಕೊಳ್ಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹುದುಗು ಬರಿಸಿದ ಅರ್ಕಾ ಕೊಕೊಪೀಟ್ ತಯಾರಿಸುವ ವಿಧಾನ ಕೊಟ್ಟಿದ್ದಾರೆ. ಹಾಗೆಯೇ ಸಾರಜನಕ ಹಿಡಿಯುವ, ರಂಜಕ ಮತ್ತು ಸತು ಕರಗಿಸುವ ಸೂಕ್ಷ್ಮಜೀವಿಗಳನ್ನು ಒಟ್ಟಿಗೆ ಸೇರಿಸಿದ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಕೂಡ ಅವರದ್ದೇ. ಪರೀಕ್ಷೆ ಮಾಡಿ ನೋಡುವವರು ಅಲ್ಲಿಂದಲೇ ಶುರುಮಾಡಬಹುದು.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತಿರುವುದೇ. ಬೈಕಾರ್ಬೊನೇಟ್ ಹೆಚ್ಚಿರುವ ನೀರನ್ನು ವಾರಗಟ್ಟಲೆ ಕೊಟ್ಟರೆ ಕುಂಡದ ಪಿಎಚ್ (ಹುಳಿ-ಕ್ಷಾರದ ಅಳತೆ) ಮೇಲೇರುತ್ತದೆ. ಪೆಟೂನಿಯಾಕ್ಕೆ ಪಿಎಚ್ ಸುಮಾರು 5.5ರಿಂದ 6ರ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಮೇಲೆ ಹೋದಂತೆ ಈ ಗಿಡಕ್ಕೆ ಕಬ್ಬಿಣ ಎಳೆದುಕೊಳ್ಳುವುದು ಕಷ್ಟ. ಆಗ ತುದಿಯ ಎಳೆ ಎಲೆಗಳು ನರ ಹಸಿರಾಗಿ ಉಳಿದು ಮಧ್ಯೆ ಹಳದಿಯಾಗುತ್ತವೆ. ಸಾರಜನಕದ ಹಸಿವು ಬುಡದ ಹಳೆಯ ಎಲೆಯಿಂದ ಶುರುವಾಗುತ್ತದೆ, ಕಬ್ಬಿಣದ ಹಸಿವು ತುದಿಯಿಂದ. ಗಿಡದ ಮುಂದೆ ಕೂತು ಎರಡು ನಿಮಿಷ ನೋಡಿದರೆ ಗೊತ್ತಾಗುತ್ತದೆ. ತುದಿ ಹಳದಿಯಾಗಿದ್ದರೆ ಮೊದಲು ನೀರಿಗೆ ಆಮ್ಲ ಸೇರಿಸಿ ಪಿಎಚ್ ಸರಿಮಾಡಬೇಕು. ಅಂಥ ಗಿಡಕ್ಕೆ ಟಾನಿಕ್ ಮೇಲೆ ಟಾನಿಕ್ ಕೊಡುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ.

ಬ್ಯಾಕ್ಟೀರಿಯಾ ಕೊಡುವವರು ಇನ್ನೂ ಒಂದೆರಡು ವಿಷಯ ಗಮನಿಸಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಕಲಸಬಾರದು. ತಾಮ್ರದ ಔಷಧಿ ಅಥವಾ ಸ್ಟ್ರೆಪ್ಟೋಸೈಕ್ಲಿನ್‌ನಂಥ ಆಂಟಿಬಯೋಟಿಕ್ ಬುಡಕ್ಕೆ ಕೊಟ್ಟ ಕುಂಡಕ್ಕೆ ಬೆನ್ನಿಗೇ ಬ್ಯಾಕ್ಟೀರಿಯಾ ಹಾಕಿದರೆ ಅದು ಬದುಕುವುದು ಕಷ್ಟ.

ಇಲ್ಲೇ ಏಣಿ ಹಾಕುವುದು ಹೇಗೆ

ಒಹಾಯೋದ ಬ್ಯಾಕ್ಟೀರಿಯಾ ನಮಗೆ ಸಿಗುವುದಿಲ್ಲ. ಏಣಿ ಮಾತ್ರ ಸಿಗುತ್ತದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಬೇಕಾದದ್ದು ಗ್ರಾಂ ಲೆಕ್ಕದ ಒಂದು ಸಣ್ಣ ತಕ್ಕಡಿ, ಪಿಎಚ್ ಮತ್ತು ಇಸಿ (ನೀರಿನಲ್ಲಿ ಕರಗಿದ ಲವಣದ ಅಳತೆ) ಮೀಟರ್, ಒಂದೇ ದಿನ ನೆಟ್ಟ ಒಂದೇ ತಳಿಯ ಸಸಿಗಳು.

ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇರುವ 19:19:19 ಗೊಬ್ಬರದಲ್ಲಿ ನೂರಕ್ಕೆ 19 ಭಾಗ ಸಾರಜನಕ. ಒಂದು ಲೀಟರಿಗೆ ಒಂದು ಗ್ರಾಂ ಹಾಕಿದರೆ 190 ಪಿಪಿಎಂ ಆಗುತ್ತದೆ. ಅಲ್ಲಿಂದ ಉಳಿದ ಲೆಕ್ಕ ಸುಲಭ. ನೂರು ಲೀಟರ್ ನೀರಿಗೆ 25 ಪಿಪಿಎಂ ಬೇಕಿದ್ದರೆ 13 ಗ್ರಾಂ, 50ಕ್ಕೆ 26, 75ಕ್ಕೆ 39.5, 100ಕ್ಕೆ 53, 150ಕ್ಕೆ 79 ಗ್ರಾಂ. ಹದಿಮೂರು ಗ್ರಾಂ ಅಂದರೆ ಅಂಗೈಯಲ್ಲಿ ಹಿಡಿಯುವಷ್ಟೇ, ಕಣ್ಣಳತೆಯಲ್ಲಿ ಹಾಕಿದರೆ ಏಣಿಯೇ ಮುರಿದುಬೀಳುತ್ತದೆ. ತೂಗಿಯೇ ಹಾಕಬೇಕು. ಈ ಗೊಬ್ಬರದಲ್ಲಿ ಕ್ಯಾಲ್ಸಿಯಂ ಇಲ್ಲ. ಕೊಕೊಪೀಟ್ ಆದರೆ ಎಲ್ಲ ಕುಂಡಕ್ಕೂ ಸಮನಾಗಿ ಬೇರೆ ಮೂಲದಿಂದ ಕ್ಯಾಲ್ಸಿಯಂ ಕೊಡಿ. ಕ್ಯಾಲ್ಸಿಯಂ ನೈಟ್ರೇಟ್ ಕೊಟ್ಟರೆ ಅದರಲ್ಲಿರುವ 15.5 ಭಾಗ ಸಾರಜನಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಟಾನಿಕ್ ಕೊಡುವ ಕುಂಡಗಳು 25ರಲ್ಲೇ ಇರಲಿ. ಇನ್ನೊಂದು ಗುಂಪಿಗೆ 75ರ ಗೊಬ್ಬರದ ಜೊತೆ ಟಾನಿಕ್ ಕೊಟ್ಟು ನೋಡಿದರೆ ಒಹಾಯೋದವರು ಬಿಟ್ಟ ಪ್ರಶ್ನೆಗೂ ನಿಮ್ಮ ಮನೆಯಲ್ಲೇ ಉತ್ತರ ಸಿಗುತ್ತದೆ. ವ್ಯಾಪಾರಕ್ಕೆ ನಿಜವಾಗಿ ಬೇಕಾದ ಉತ್ತರ ಅದೇ. ಕುಂಡಗಳನ್ನು ಗುಂಪುಗುಂಪಾಗಿ ಒಂದೊಂದು ಕಡೆ ಇಡಬೇಡಿ. ಪಾಲಿಹೌಸ್‌ನ ಬಾಗಿಲ ಕಡೆ ಗಾಳಿ ಜಾಸ್ತಿ, ಮಧ್ಯೆ ಬಿಸಿ ಜಾಸ್ತಿ. ಬೆರೆಸಿ ಇಟ್ಟು ಬಣ್ಣದ ಕಡ್ಡಿ ಚುಚ್ಚಿ. ಬ್ಯಾಕ್ಟೀರಿಯಾ ಹಾಕುವ ಮಗ್ ಬೇರೆ ಇರಲಿ, ಒಂದು ಕುಂಡದ ನೀರು ಪಕ್ಕದ ಕುಂಡಕ್ಕೆ ಸಿಡಿಯದಂತೆ ನೋಡಿಕೊಳ್ಳಿ. ಟಾನಿಕ್ ಇಲ್ಲದ ಕುಂಡಕ್ಕೂ ಅವತ್ತು ಅಷ್ಟೇ ನೀರು ಹೋಗಬೇಕು. ಹೂ ಎಣಿಸುವವರಿಗೆ ಯಾವ ಬಣ್ಣದ ಕಡ್ಡಿ ಏನು ಎಂದು ಹೇಳಬೇಡಿ.

ಒಂದು ಅನುಮಾನವನ್ನೂ ಇಟ್ಟುಕೊಳ್ಳಬೇಕು. ಟಾನಿಕ್ ಕೊಟ್ಟು ಮೂರೇ ದಿನಕ್ಕೆ ಗಿಡ ಕಡುಹಸಿರಾದರೆ ಅದರಲ್ಲಿ ಸಾರಜನಕವೇ ಇದೆಯೇನೋ ಎಂದು ನೋಡಿ. ಆ ಬಾಟಲಿಯನ್ನು ಮಣ್ಣು ಮತ್ತು ಗೊಬ್ಬರ ಪರೀಕ್ಷೆಯ ಲ್ಯಾಬಿಗೆ ಕೊಟ್ಟರೆ ಗೊತ್ತಾಗುತ್ತದೆ. ಕಾಂಡದಲ್ಲಿ ಎಲೆ ಹುಟ್ಟುವ ಗಂಟುಗಳ ನಡುವಿನ ಅಂತರ ಇದ್ದಕ್ಕಿದ್ದಂತೆ ಉದ್ದವಾದರೆ ಬೆಳವಣಿಗೆ ಹಾರ್ಮೋನ್ ಬೆರೆಸಿರುವ ಸಾಧ್ಯತೆ ಇದೆ. ಕಾನೂನು ಇದರ ಬಗ್ಗೆ ಸ್ಪಷ್ಟವಾಗಿಯೇ ಇದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಬಯೋಸ್ಟಿಮ್ಯುಲೆಂಟ್‌ಗಳನ್ನು ಅದರ ಅಡಿಗೆ ತಂದಿತು. ಕೀಟನಾಶಕ, ಬೆಳವಣಿಗೆ ನಿಯಂತ್ರಕಗಳು ಈ ಪಟ್ಟಿಗೆ ಸೇರುವುದಿಲ್ಲ, ಕೀಟನಾಶಕದ ಅಂಶ 0.01 ಪಿಪಿಎಂ ಮೀರುವಂತಿಲ್ಲ ಎಂದು 2021ರ ಆ ತಿದ್ದುಪಡಿಯಲ್ಲಿತ್ತು. ಸುಮಾರು 30,000 ಉತ್ಪನ್ನಗಳು ತಪಾಸಣೆಯಿಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಮಾಡಿದ ಮೇಲೆ ಸುಮಾರು 650ಕ್ಕೆ ಇಳಿದಿವೆ ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ 2025ರಲ್ಲಿ ಹೇಳಿದರು. ನಿಮ್ಮ ಕೈಯಲ್ಲಿರುವ ಬಾಟಲಿ ಈ ಆದೇಶದಡಿ ಅನುಮತಿ ಪಡೆದದ್ದೇ ಎಂದು ಅಂಗಡಿಯವರನ್ನು ಕೇಳಿ, ಬಿಲ್ ತೆಗೆದುಕೊಳ್ಳಿ.

ಹಣದ ಲೆಕ್ಕ

ಏಣಿಯಲ್ಲಿ ಒಂದು ಮೆಟ್ಟಿಲು ಏರಿದ್ದಕ್ಕೆ ಎಷ್ಟು ಹಣ ಉಳಿಯಿತು? 25ರಿಂದ 50ಕ್ಕೆ ಏರಿಸಲು ಸಾವಿರ ಲೀಟರಿಗೆ ಸುಮಾರು 132 ಗ್ರಾಂ 19:19:19 ಬೇಕು. ಕೆಜಿಗೆ 200 ರೂಪಾಯಿ ಅಂತ ಇಟ್ಟುಕೊಂಡರೂ ಅದು 26 ರೂಪಾಯಿ. ಒಂದು ಕುಂಡಕ್ಕೆ ಸಲಕ್ಕೆ 100 ಮಿಲಿ ಕೊಟ್ಟರೆ ಸಾವಿರ ಲೀಟರ್ ಅಂದರೆ ಸಾವಿರ ಕುಂಡಗಳಿಗೆ ಹತ್ತು ಸಲ ಗೊಬ್ಬರದ ನೀರು. ಸಾವಿರ ಕುಂಡಕ್ಕೆ ಉಳಿಯುವುದು 26 ರೂಪಾಯಿ!

ಈ ಲೆಕ್ಕ ನೋಡಿದ ಮೇಲೆ, ಗೊಬ್ಬರ ಉಳಿಸಲು ಟಾನಿಕ್ ಕೊಳ್ಳಿ ಎಂದು ಹೂವಿನ ನರ್ಸರಿಯವರಿಗೆ ನಾನು ಹೇಳಲಾರೆ. ಕುಂಡದ ಬೆಳೆಯಲ್ಲಿ ಗೊಬ್ಬರ ಅಷ್ಟು ಅಗ್ಗ. ಉಳಿತಾಯದ ನಿಜವಾದ ಲಾಭ ಕೆರೆಗೆ, ಅಂತರ್ಜಲಕ್ಕೆ. ಅದು ದೊಡ್ಡ ಲಾಭವೇ, ಆದರೆ ಅದನ್ನು ಬೆಳೆಗಾರನೊಬ್ಬನೇ ತನ್ನ ಜೇಬಿನಿಂದ ಕೊಳ್ಳಬೇಕು ಎನ್ನುವುದು ನ್ಯಾಯವಲ್ಲ. ಗೊಬ್ಬರ ಕಡಿಮೆ ಮಾಡಲು ಟಾನಿಕ್‌ಗಿಂತ ಮೊದಲು ಇನ್ನೊಂದು ದಾರಿ ಇದೆ. ಟಾನಿಕ್ ಇಲ್ಲದ 100ರ ಮೆಟ್ಟಿಲಿನ ಗಿಡ 150ರ ಗಿಡದಷ್ಟೇ ಚೆನ್ನಾಗಿದೆಯೇ ಎಂದು ಏಣಿಯೇ ತೋರಿಸುತ್ತದೆ. ಚೆನ್ನಾಗಿದ್ದರೆ ನಾಳೆಯಿಂದಲೇ ಮೂರರಲ್ಲಿ ಒಂದು ಭಾಗ ಗೊಬ್ಬರ ಕಡಿಮೆ ಮಾಡಬಹುದು, ಏನನ್ನೂ ಕೊಳ್ಳದೆ.

ಬೆಳೆಗಾರನ ಜೇಬಿಗೆ ಲಾಭ ಬರುವ ಜಾಗ ಬೇರೆ, 2020ರ ಕೆಲಸ ತೋರಿಸಿದ್ದು ಅದನ್ನೇ. ನಮ್ಮ ಗಿಡ ಹಾಳಾಗುವುದು ಪಾಲಿಹೌಸ್‌ನೊಳಗಲ್ಲ. ಟೆಂಪೋದಲ್ಲಿ ಮಧ್ಯಾಹ್ನದ ಬಿಸಿಲಿಗೆ ಸಿಕ್ಕಿ, ರಸ್ತೆ ಬದಿಯ ಮಾರಾಟದ ಜಾಗದಲ್ಲಿ ಎರಡು ದಿನ ನೀರಿಲ್ಲದೆ ಕೂತು, ಕೊಂಡವರ ಬಾಲ್ಕನಿಯಲ್ಲಿ ಮರೆತುಹೋಗಿ ಹಾಳಾಗುತ್ತದೆ. ಒಂದು ಸಲ ಜೋತುಬಿದ್ದ ಪೆಟೂನಿಯಾ ನೀರು ಕೊಟ್ಟರೆ ಎದ್ದು ನಿಲ್ಲುತ್ತದೆ, ಆದರೆ ಮೊಗ್ಗುಗಳು ಕರಗಿರುತ್ತವೆ. ಒಂದು ಕುಂಡ ವಾಪಸ್ ಬಂದರೆ ಆಗುವ ನಷ್ಟ ಮೇಲಿನ 26 ರೂಪಾಯಿಯಷ್ಟೇ ಅಥವಾ ಜಾಸ್ತಿ. ಹಾಗಾಗಿ ಟಾನಿಕ್ ಪರೀಕ್ಷೆ ಮಾಡುವವರು ಈ ಕೊನೆಯ ಹೆಜ್ಜೆಯನ್ನು ಬಿಡಬಾರದು. ಮಾರಾಟಕ್ಕೆ ಸಿದ್ಧವಾದ ಕುಂಡಗಳಲ್ಲಿ, ಟಾನಿಕ್ ಪಡೆದದ್ದು ಮತ್ತು ಪಡೆಯದ್ದು ಎರಡರಲ್ಲೂ ಸಮ ಸಂಖ್ಯೆಯನ್ನು ಬದಿಗಿಡಿ. ಎಲೆ ಪೂರ್ತಿ ಜೋತುಬೀಳುವವರೆಗೆ ನೀರು ನಿಲ್ಲಿಸಿ, ಎಲ್ಲಕ್ಕೂ ಒಂದೇ ದಿನ ನೀರು ಕೊಡಿ. ವಾರ ಕಳೆದ ಮೇಲೆ ಹೂ ಮೊಗ್ಗು ಎಣಿಸಿ, ಎಷ್ಟು ಕುಂಡ ಮಾರುವ ಹಾಗಿವೆ ಎಂದು ಬರೆದಿಡಿ. ಎರಡು ಗುಂಪಿನ ನಡುವಿನ ಆ ಕುಂಡಗಳ ವ್ಯತ್ಯಾಸಕ್ಕೆ ನಿಮ್ಮ ಮಾರಾಟದ ಬೆಲೆ ಹಾಕಿ, ಪಕ್ಕದಲ್ಲಿ ಬಾಟಲಿಯ ಬೆಲೆ ಬರೆಯಿರಿ. ಕೊಳ್ಳಬೇಕೋ ಬೇಡವೋ ಎಂದು ಆ ಎರಡು ಅಂಕಿಯಿಂದಲೇ ಗೊತ್ತಾಗುತ್ತದೆ.